ಬೆಂಕಿಗೆ ಒಳ್ಳೆ ಹೊತ್ತು, ಹೊಗೆಗೆ ಕೆಟ್ಟ ಹೊತ್ತು

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂದು ಹೋಯಿತೆಂದರೆ ನಮ್ಮ ಕಡೆ ಬೆಂಕಿಯ ಕಾಲ ಶುರುವಾಯಿತೆಂದೇ ಲೆಕ್ಕ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರು ಜಿಲ್ಲೆಯಲ್ಲಿ ಬೆಂಕಿ ಮೂರು ಥರ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಭೀಮಗಡದ ಕಡೆ ಉದುರಿದ ಎಲೆ ನೆಲ ಹಿಡಿದು ಉರಿಯುತ್ತದೆ. ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿಯಲ್ಲಿ ಕಬ್ಬು ಕಡಿದ ಮೇಲೆ ಉಳಿದ ರವದಿ, ಅಂದರೆ ಒಣಗರಿ, ಉರಿಯುತ್ತದೆ, ಕೆಟ್ಟ ದಿನವಾದರೆ ನಿಂತ ಕಬ್ಬೇ ಉರಿಯುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಕಣಿಕೆಯ (ಜೋಳದ ಒಣದಂಟಿನ) ಬಣವಿ, ತೊಗರಿ ಕಟ್ಟಿಗೆ, ಒಣಹುಲ್ಲಿನ ಗಾಯರಾಣ (ದನ ಮೇಯುವ ಬಯಲು).

ಇವುಗಳಲ್ಲಿ ರವದಿಯ ಬೆಂಕಿ ಮಾತ್ರ ನಾವೇ ಕೈಯಾರೆ ಹಚ್ಚುವಂಥದ್ದು, ಹಾಗಾಗಿ ಮೊದಲು ಅದರ ಮಾತು. ಊರಲ್ಲಿ ಪ್ರತಿವರ್ಷ ಕೇಳುವ ಲೆಕ್ಕ ಇದು: ‘ಮಧ್ಯಾಹ್ನ ಬ್ಯಾಡ ಕಾಕಾ, ಗಾಳಿ ಐತಿ. ಸಂಜಿಮುಂದ ತಣ್ಣಗಾದ ಮ್ಯಾಲ ಹಚ್ಚೂಣು.’ ಬೆಂಕಿಯ ಮಟ್ಟಿಗೆ ಈ ಲೆಕ್ಕ ಸರಿ. ಹೊಗೆಯ ಮಟ್ಟಿಗೆ ಇದಕ್ಕಿಂತ ಕೆಟ್ಟ ಲೆಕ್ಕ ಇಲ್ಲ. ಮಧ್ಯಾಹ್ನ ಕಾದ ನೆಲದಿಂದ ಗಾಳಿ ಮೇಲೇಳುತ್ತಿರುತ್ತದೆ, ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರ ತಂಪು ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ನಿಂತು ಮುಚ್ಚಳ ಹಾಕಿದ ಹಾಗಾಗುತ್ತದೆ. ಸಂಜೆ ಏಳಕ್ಕೆ ಹಚ್ಚಿದ ರವದಿಯ ಹೊಗೆ ಹಳ್ಳದ ದಂಡೆ, ತಗ್ಗಿನ ತೋಟಪಟ್ಟಿ ಹಿಡಿದು ಮರುದಿನ ಬಿಸಿಲೇರುವ ತನಕ ಅಲ್ಲೇ ಕೂತಿರುತ್ತದೆ. ಅಷ್ಟೂ ಹೊತ್ತು ಮಲಗಿದವರು ಅದನ್ನೇ ಉಸಿರಾಡುತ್ತಾರೆ. ಬೆಂಕಿಗೆ ಒಳ್ಳೆಯದಾದ ಹೊತ್ತು ಹೊಗೆಗೆ ಕೆಟ್ಟದ್ದು, ಹೊಗೆಗೆ ಒಳ್ಳೆಯದಾದ ಹೊತ್ತು ಬೆಂಕಿಗೆ ಕೆಟ್ಟದ್ದು. ನಡುವೆ ಸಿಗುವುದು ಬೆಳಗಿನ ಒಂದೆರಡು ತಾಸು ಮಾತ್ರ, ಅದೂ ಎಲ್ಲ ದಿನ ಸಿಗುವುದಿಲ್ಲ.

ಸುಡದೆ ಇರುವ ದಾರಿ ಗೊತ್ತಿಲ್ಲದ ರೈತ ಈಗ ಯಾರೂ ಇಲ್ಲ, ಅದಕ್ಕೆ ಅದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಿ, ಅಥವಾ ಟ್ರ್ಯಾಕ್ಟರಿಗೆ ಕಟ್ಟುವ ಪುಡಿ ಮಾಡುವ ಯಂತ್ರ ಹೊಡೆಸಿ, ಮೇಲೆ ಯೂರಿಯಾ, ಸೂಪರ್ ಫಾಸ್ಫೇಟ್, ಕೊಳೆಸುವ ಕಲ್ಚರ್ ಚೆಲ್ಲಿ ನೀರು ಬಿಟ್ಟರೆ ಮಳೆಗಾಲದ ಹೊತ್ತಿಗೆ ಮೆತ್ತಗಾಗುತ್ತದೆ. ‘ಸುಟ್ಟ ಬೂದಿನೂ ಗೊಬ್ಬರನ’ ಎನ್ನುವುದು ಅರ್ಧ ಮಾತು. ಪೊಟ್ಯಾಶ್ ಬೂದಿಯಲ್ಲಿ ಉಳಿಯುತ್ತದೆ, ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಹಾಸಿದ ರವದಿ ಕೊಳೆಯುವ ತನಕ ಅದೇ ಒಂದು ಉರುವಲು. ಪಕ್ಕದ ಹೊಲದವರು ಬೆಂಕಿ ಹಚ್ಚಿದರೆ ಮೊದಲು ಹೊತ್ತುವುದು ಅದೇ. ಒಡ್ಡಿನಿಂದ ಒಳಗೆ ಹತ್ತು ಅಡಿಯಷ್ಟು ಸುತ್ತಲೂ ರವದಿ ಎಳೆದು ತೆಗೆದು ರೋಟವೇಟರ್ ಎರಡು ಸುತ್ತು ಹೊಡೆಸಿ ಬಿಡಿ.

ಇನ್ನು ಸುಟ್ಟೇ ತೀರುತ್ತೇನೆ ಎಂದು ಹಟ ಹಿಡಿದವರಿಗೆ: ಅರಣ್ಯದ ಅಂಚಿನಲ್ಲಿ ಬೇಡವೇ ಬೇಡ, ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ದಾಟಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸಾಗುತ್ತದೆ. ಉಳಿದ ಕಡೆ ಇಬ್ಬನಿ ಆರಿ ಹೊಗೆ ನೆಟ್ಟಗೆ ಮೇಲೇಳಲು ಶುರುವಾದ ಮೇಲೆ, ಅಂದರೆ ಬೆಳಗ್ಗೆ ಒಂಬತ್ತರ ಸುಮಾರಿಗೆ ಹಚ್ಚಿ, ಹನ್ನೊಂದಕ್ಕೆ ಕೆಂಡವೂ ಇಲ್ಲದ ಹಾಗೆ ನಂದಿಸಬಹುದಾದಷ್ಟೇ ಹಚ್ಚಿ. ಗಾಳಿ ಹೋಗುವ ತುದಿಯಿಂದ ಹಚ್ಚಬೇಕು, ಆಗ ಬೆಂಕಿ ಗಾಳಿಗೆ ಎದುರಾಗಿ ತೆವಳುತ್ತದೆ, ಹಿಡಿತದಲ್ಲಿರುತ್ತದೆ. ಗಾಳಿ ಬರುವ ಕಡೆಯಿಂದ ಹಚ್ಚಿದರೆ ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಆರನೇ ನಿಮಿಷಕ್ಕೆ ಅದು ಪಕ್ಕದವರ ಹೊಲದಲ್ಲಿರುತ್ತದೆ. ನಾಲ್ಕು ಜನ, ಇನ್ನೂರು ಲೀಟರಿನ ಡ್ರಮ್ಮು, ಪಂಪು ಇಲ್ಲದೆ ಕಡ್ಡಿ ಗೀರಬಾರದು. ಸುತ್ತಲಿನ ಹೊಲದವರಿಗೆ ಹಿಂದಿನ ದಿನವೇ ಹೇಳಿರಬೇಕು.

ಯಾವ ದಿನ ಕಡ್ಡಿಪೆಟ್ಟಿಗೆ ಮುಟ್ಟಬಾರದು

ಬೆಂಕಿ ನಂದಿಸುವ ಕೆಲಸದವರಲ್ಲಿ ಮೂರು ಮೂವತ್ತರ ಲೆಕ್ಕ ಅಂತ ಒಂದು ಇದೆ. ಉಷ್ಣಾಂಶ 30 ಡಿಗ್ರಿ ದಾಟಿರಬೇಕು, ಗಾಳಿಯಲ್ಲಿನ ತೇವಾಂಶ ಶೇ 30ಕ್ಕಿಂತ ಕೆಳಗಿರಬೇಕು, ಗಾಳಿಯ ವೇಗ ಗಂಟೆಗೆ 30 ಕಿ.ಮೀ. ದಾಟಿರಬೇಕು. ಮೂರೂ ಕೂಡಿದ ದಿನ ಬೆಂಕಿ ಮನುಷ್ಯನ ಕೈಗೆ ಸಿಗುವುದಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಮಾರ್ಚ್ ಕೊನೆಯಿಂದ ಮಧ್ಯಾಹ್ನದ ಹೊತ್ತಿಗೆ ಮೊದಲಿನ ಎರಡು ಹೆಚ್ಚುಕಡಿಮೆ ದಿನಾಲೂ ಕೂಡಿರುತ್ತವೆ. ಹಾಗಾಗಿ ನಮಗೆ ಉಳಿಯುವ ಪ್ರಶ್ನೆ ಗಾಳಿಯದ್ದೊಂದೇ. ಮೊಬೈಲಿನಲ್ಲಿ ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ನೋಡಬಹುದು. ಕಣ್ಣಳತೆಯೂ ಸಾಕು. ದಾರಿಯ ಧೂಳು, ಬಿದ್ದ ಹಾಳೆ ಮೇಲೆದ್ದರೆ ಗಾಳಿ 20 ದಾಟಿದೆ. ಸಣ್ಣ ಬೇವಿನ ಗಿಡ ಟೊಂಗೆಯಷ್ಟೇ ಅಲ್ಲ, ಇಡೀ ಗಿಡವೇ ತೂಗಾಡಿದರೆ 30ರ ಹತ್ತಿರ ಬಂದಿದೆ.

ರವದಿಯಂಥ ತೆಳು ಉರುವಲು ಗಾಳಿಯ ತೇವಕ್ಕೆ ಒಂದು ತಾಸಿನೊಳಗೆ ಬದಲಾಗುತ್ತದೆ. ಮುಂಜಾನೆ ಇಬ್ಬನಿ ಕುಡಿದು ಮೆತ್ತಗಿದ್ದ ಗರಿ ಹನ್ನೊಂದಕ್ಕೆ ಮಡಚಿದರೆ ಚಟ್ ಎಂದು ಮುರಿಯುತ್ತದೆ. ‘ಮುಂಜಾನೆ ಹಚ್ಚಿದ್ರ ಹತ್ತಲೇ ಇಲ್ಲ’ ಎಂದು ಬಿಟ್ಟುಬಂದ ಕೆಂಡ ಮಧ್ಯಾಹ್ನ ಹೊತ್ತಿಕೊಳ್ಳುವುದು ಇದಕ್ಕೇ.

ಎಲ್ಲಕ್ಕಿಂತ ಮೋಸದ ದಿನಗಳು ಅಶ್ವಿನಿ, ಭರಣಿ ಮಳೆಯವು, ಏಪ್ರಿಲ್ ನಡುವಿನಿಂದ ಮೇ ಎರಡನೇ ವಾರದ ತನಕ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗುತ್ತದೆ. ಎಲ್ಲರಿಗೂ ಮಳೆ ಬಂತು, ಬೆಂಕಿ ಆರಿತು ಎನ್ನುವ ಧೈರ್ಯ. ಆದರೆ ಮಳೆಗೆ ಮೊದಲು ಬರುವುದು ಮೋಡದಿಂದ ಕೆಳಗೆ ಧುಮುಕಿ ನೆಲದ ಮೇಲೆ ಹರಡುವ ಗಾಳಿ. ಅದು ಅಲ್ಲಿಯವರೆಗೆ ಬೀಸುತ್ತಿದ್ದ ದಿಕ್ಕನ್ನೇ ತಿರುವಿಬಿಡುತ್ತದೆ. ಬೆಂಕಿಯ ಪಕ್ಕೆಯಲ್ಲಿ ನಿಶ್ಚಿಂತೆಯಿಂದ ನಿಂತಿದ್ದವರ ಕಡೆಗೇ ಬೆಂಕಿಯ ಮೋರೆ ತಿರುಗುತ್ತದೆ. ಎಷ್ಟೋ ಸಲ ಮಳೆ ನಾಲ್ಕು ಹನಿಗೇ ಮುಗಿಯುತ್ತದೆ, ಗಾಳಿ ಮಾತ್ರ ಬಂದು ಹೋಗಿರುತ್ತದೆ. ದೂರದಲ್ಲಿ ಧೂಳಿನ ಗೋಡೆ ಎದ್ದದ್ದು ಕಂಡರೆ, ಸೆಕೆ ಇದ್ದಕ್ಕಿದ್ದಂತೆ ತಂಪಾದರೆ, ಬೆಂಕಿ ಬಿಟ್ಟು ಸುಟ್ಟ ಜಾಗಕ್ಕೆ ಬಂದು ನಿಲ್ಲಬೇಕು.

ಖಾನಾಪುರದ ಕಡೆ ಗಾಳಿಯ ಜೊತೆಗೆ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಇಳಿಜಾರು ಹತ್ತು ಡಿಗ್ರಿ ಏರಿದಂತೆಲ್ಲ ಮೇಲ್ಮುಖವಾಗಿ ಓಡುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಬೆಂಕಿ ಕೆಳಗಿದ್ದರೆ ಗುಡ್ಡ ಏರಿ ತಪ್ಪಿಸಿಕೊಳ್ಳುತ್ತೇನೆ ಎನ್ನುವುದು ಬೇಡ. ಅಡ್ಡಕ್ಕೆ, ಬೆಂಕಿಯ ಪಕ್ಕೆ ದಾಟಿ ಹೋಗಬೇಕು. ಅರಣ್ಯ ಇಲಾಖೆ ಕಡಿದಿಟ್ಟ ಬೆಂಕಿ ರೇಖೆಯಲ್ಲಿ ಎಲೆ ಗುಡಿಸಿದ್ದರೆ ಮಾತ್ರ ಅದು ನಿಲ್ಲುವ ಜಾಗ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹ ನೋಡಿ ಕಳಿಸುವ ಬೆಂಕಿ ಸಂದೇಶಕ್ಕೆ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಆದರೆ ಆ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸಿಗೆ. ಹತ್ತಕ್ಕೆ ಹತ್ತಿದ ಬೆಂಕಿಯ ಸಂದೇಶ ಮಧ್ಯಾಹ್ನದ ಮೇಲೇ ಬರುತ್ತದೆ. ಕಣ್ಣಿಗೆ ಹೊಗೆ ಕಂಡವರು ಸಂದೇಶ ಕಾಯದೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನು ಮಾಡುವುದೇ ಬೇಗದ ದಾರಿ.

ನಿಂತ ಕಬ್ಬಿಗೆ ಬೆಂಕಿ ಬಿದ್ದರೆ

ಮೊದಲ ಮಾತು: ಕಬ್ಬಿನ ಒಳಗೆ ಹೋಗಬಾರದು. ದನ ಒಳಗಿದ್ದರೂ, ಪೈಪು ಒಳಗಿದ್ದರೂ. ಎಂಟು ತಿಂಗಳು ದಾಟಿದ ಕಬ್ಬಿನ ಸಾಲಿನಲ್ಲಿ ಗರಿ ಒಂದಕ್ಕೊಂದು ಹೆಣೆದುಕೊಂಡು ಹತ್ತು ಅಡಿ ಮುಂದಿನದು ಕಾಣುವುದಿಲ್ಲ. ಚಟಪಟ ಸದ್ದಿನಲ್ಲಿ ಬೆಂಕಿ ಯಾವ ಕಡೆಯಿಂದ ಬರುತ್ತಿದೆ ಎಂದೂ ತಿಳಿಯುವುದಿಲ್ಲ. ಜ್ವಾಲೆ ಕಬ್ಬಿಗಿಂತ ಎಷ್ಟೋ ಎತ್ತರ ಏಳುತ್ತದೆ. ಅದರ ಕಾವಿಗೆ ಮೈ ಸುಡುವುದು ಬೆಂಕಿ ತಾಗುವ ಮೊದಲೇ.

ಎರಡನೆಯದು ನೀರಿನ ಲೆಕ್ಕ. ‘ಬೋರು ಐತಲ್ಲ’ ಎನ್ನುವವರು ಒಂದು ಮರೆಯುತ್ತಾರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು. ಬೆಂಕಿ ಆ ಪಾಳಿ ನೋಡಿ ಬರುವುದಿಲ್ಲ, ಬಂದರೂ ಲೈನಿಗೆ ಬೆಂಕಿ ತಾಗುವ ಭಯಕ್ಕೆ ಕರೆಂಟು ತೆಗೆಸಬೇಕಾಗುತ್ತದೆ. ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ನಾಲ್ಕೈದು ಸಾವಿರ ಲೀಟರ್ ಇರಬಹುದು, ಆದರೆ ಅದರ ನೀರು ಬರೀ ಇಳಿಜಾರಿಗೆ ಸುರಿಯುತ್ತದೆ, ಚಿಮ್ಮುವುದಿಲ್ಲ. ಅದಕ್ಕೊಂದು ಪೆಟ್ರೋಲ್ ಪಂಪು ಕೂಡಿಸಿದರೆ ಮಾತ್ರ ಬೆಂಕಿಗೆ ಉಪಯೋಗ. ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಇರುವುದು ದ್ರಾಕ್ಷಿ ತೋಟದವರ ಹತ್ತಿರ. ತಿಕೋಟಾ, ಬಬಲೇಶ್ವರ, ತೆಲಸಂಗದ ಕಡೆ ಔಷಧ ಹೊಡೆಯಲು ಟ್ರ್ಯಾಕ್ಟರ್ ಹಿಂದೆ ಕಟ್ಟುವ ಐನೂರು–ಆರುನೂರು ಲೀಟರಿನ ಟಾಕಿ, ಜೋರು ಒತ್ತಡದಿಂದ ಚಿಮ್ಮಿಸುವ ಎಚ್‌ಟಿಪಿ ಪಂಪು, ಉದ್ದ ಪೈಪು, ಗನ್ನು. ಬ್ಲೋವರ್ ಫ್ಯಾನನ್ನು ಬಿಡಿಸಿ (ಇಲ್ಲದಿದ್ದರೆ ಬೆಂಕಿಗೆ ಗಾಳಿ ಊದಿದಂತಾಗುತ್ತದೆ) ಗನ್ನಿನಿಂದಷ್ಟೇ ಹೊಡೆಯಬೇಕು. ನಿಮಿಷಕ್ಕೆ ಮೂವತ್ತು ಲೀಟರ್ ಹೋದರೆ ಐನೂರು ಲೀಟರ್ ಹದಿನಾರು–ಹದಿನೇಳು ನಿಮಿಷಕ್ಕೆ ಖಾಲಿ. ಡ್ರಮ್ಮಿನ ಇನ್ನೂರು ಲೀಟರ್ ಏಳು ನಿಮಿಷವೂ ಬರುವುದಿಲ್ಲ. ಅದಕ್ಕೆ ನೀರನ್ನು ಎತ್ತರದ ಜ್ವಾಲೆಗೆ ಎರಚಬಾರದು, ಬುಡದಲ್ಲಿ ಉರಿಯುವ ರವದಿಗೆ, ಅದಕ್ಕಿಂತ ಮುಖ್ಯವಾಗಿ ಇನ್ನೂ ಹತ್ತದ ಕಡೆಯ ಒಡ್ಡಿನ ಹುಲ್ಲಿಗೆ ಹೊಡೆಯಬೇಕು. ಹಿಂದಿನ ಸಲದ ಔಷಧ ಉಳಿದ ಟಾಕಿಯಾದರೆ ಅದನ್ನು ತೊಳೆದಿಟ್ಟಿರುವ ರೂಢಿ ಬೇಸಿಗೆಯಲ್ಲಿ ಇರಲಿ, ಗಂಧಕದ ಔಷಧವಂತೂ ಬೆಂಕಿಗೆ ಬಿದ್ದರೆ ಕೆಮ್ಮು ತಡೆಯಲಾಗದ ಹೊಗೆ ಬರುತ್ತದೆ.

ಮೂರನೆಯದು ನಿಲ್ಲುವ ಜಾಗ. ಬೆಂಕಿಯ ಮೋರೆಗೆ ಎದುರಾಗಿ ಯಾರೂ ನಿಲ್ಲಬಾರದು. ಸುಟ್ಟು ಕಪ್ಪಾದ ಕಡೆಯಿಂದ ಪಕ್ಕೆ ಹಿಡಿದು ಮುಂದಕ್ಕೆ ಸಾಗಬೇಕು. ಏನಾದರೂ ತಿರುಗಿದರೆ ಎರಡು ಹೆಜ್ಜೆ ಹಿಂದಿಟ್ಟರೆ ಸುಟ್ಟ ಜಾಗ ಕಾಲಡಿಗೇ ಸಿಗಬೇಕು. ಬಿತ್ತದ ಎರಿ ಹೊಲ, ನೇಗಿಲು ಹೊಡೆದ ಹೊಲ, ಅಗಲವಾದ ಡಾಂಬರು ರಸ್ತೆ, ಇವು ಆಸರೆ. ಒಣಹುಲ್ಲು ತುಂಬಿದ ಹಳ್ಳ, ಕಾಲುವೆಯ ಒಣ ಪಾತ್ರ ಆಸರೆಯಲ್ಲ, ಬೆಂಕಿ ಅದರೊಳಗೇ ಓಡುತ್ತದೆ. ಹತ್ತು ಅಡಿಯ ಬಯಲು ಗೆರೆ ಕಿಡಿ ಹಾರುವುದನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಆ ಗೆರೆ ನಿಂತು ಕೆಲಸ ಮಾಡಲು ಜಾಗ ಕೊಡುತ್ತದೆ, ಅಷ್ಟೇ. ಒಬ್ಬರು ಬೆನ್ನ ಹಿಂದೆ ನಿಂತು ಗೆರೆಯ ಆಚೆ ಬೀಳುವ ಕಿಡಿಯನ್ನೇ ನೋಡುತ್ತಿರಬೇಕು, ಅವರಿಗೆ ಬೇರೆ ಕೆಲಸ ಹೇಳಬಾರದು.

ಉಡುಪಿನ ಮಾತು ಯಾರೂ ಹೇಳುವುದಿಲ್ಲ. ನೈಲಾನ್ ಸೀರೆ, ಪಾಲಿಯೆಸ್ಟರ್ ಅಂಗಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯದ್ದು ದಪ್ಪನೆಯದು ಇರಲಿ, ಧೋತರದ ಚುಂಗು, ಸೀರೆಯ ಸೆರಗು ಬಿಗಿಯಾಗಿ ಸಿಕ್ಕಿಸಿರಲಿ. ರಬ್ಬರ್ ಚಪ್ಪಲಿ ಬಿಸಿ ಬೂದಿಯಲ್ಲಿ ಮೆತ್ತಗಾಗುತ್ತದೆ, ಚರ್ಮದ ಬೂಟೋ ದಪ್ಪ ಚಪ್ಪಲಿಯೋ ಬೇಕು.

ಕರೆಂಟಿನ ಲೈನು ಕಬ್ಬಿನ ಮೇಲೆ ಹಾದಿದ್ದರೆ ಹೆಸ್ಕಾಂನ 1912ಕ್ಕೆ ಮೊದಲ ಫೋನು. ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ಆಚೆ ಇರಬೇಕು. ತಂತಿಯ ಕೆಳಗೆ ದಟ್ಟ ಹೊಗೆ, ಜ್ವಾಲೆ ಇದ್ದಾಗ ಮೇಲಿನಿಂದ ನೆಲಕ್ಕೆ ಕಿಡಿ ಹಾಯುವುದುಂಟು, ಅದಕ್ಕೆ ಲೈನಿನ ಅಡಿ ನಿಂತು ನೀರು ಹೊಡೆಯಬಾರದು. ಟಿಸಿಯ (ಟ್ರಾನ್ಸ್‌ಫಾರ್ಮರಿನ) ಫ್ಯೂಸು ನಾವೇ ಕೀಳಲು ಹೋಗಬಾರದು, ಲೈನ್‌ಮನ್ ಬರಲಿ. ಬೆಂಕಿ ಕಾಲಕ್ಕೆ ಮೊದಲು ಮಾಡಬಹುದಾದ ಕೆಲಸವೂ ಒಂದಿದೆ. ಜೋತುಬಿದ್ದ ತಂತಿ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವುದನ್ನು ಕಂಡರೆ ಫೋಟೊ ತೆಗೆದು, ಕಂಬದ ನಂಬರು ಹಾಕಿ, ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಟಿಸಿಯ ಕೆಳಗೆ, ಸುತ್ತ ಹದಿನೈದು ಅಡಿ ಹುಲ್ಲು, ರವದಿ ಇರಬಾರದು.

ಅಗ್ನಿಶಾಮಕದವರಿಗೆ 101 ಅಥವಾ 112. ಹೇಳಬೇಕಾದ್ದನ್ನು ಹೇಳುವ ಕ್ರಮದಲ್ಲೇ ಹೇಳಿ: ‘ಸರ್, ಊರು ಇಂಥಾದ್ದು, ತಾಲ್ಲೂಕು ಇಂಥಾದ್ದು, ಇಂಥ ರಸ್ತೆಯಿಂದ ಬರ್ರಿ, ಎಡಕ್ಕ ಹನಮಪ್ಪನ ಗುಡಿ ಐತಿ, ಅಲ್ಲಿ ಮಂದಿ ನಿಂತಿರ್ತಾರ. ನಿಂತ ಕಬ್ಬು, ಸುಮಾರು ಇಷ್ಟು ಎಕರೆ, ಪಕ್ಕಕ್ಕ ಮನಿ ಅದಾವ, ಮ್ಯಾಲ ಲೈನ್ ಹಾದೈತಿ.’ ಬಹಳಷ್ಟು ಸಲ ಗಾಡಿ ತಡವಾಗುವುದು ದೂರಕ್ಕಲ್ಲ, ಒಳದಾರಿ ಸಿಗದೆ. ಡಾಂಬರು ರಸ್ತೆಯ ತಿರುವಿನಲ್ಲಿ ಬೈಕಿನ ಜೊತೆ ಒಬ್ಬರನ್ನು ನಿಲ್ಲಿಸುವುದು ಹತ್ತು ಕೊಡ ನೀರಿಗಿಂತ ಹೆಚ್ಚಿನ ಉಪಕಾರ.

ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲು ರವದಿ, ತಾಡಪತ್ರಿಯದ್ದು. ತೋಟದವರು ಜಾಗ ಕೊಡುವಾಗಲೇ ನಿಂತ ಕಬ್ಬಿನಿಂದ ನೂರು ಅಡಿ ಆಚೆ, ಗಾಳಿ ಹೋಗುವ ಕಡೆ ಅಲ್ಲದೆ, ಗುಡಿಸಲಿನಿಂದ ಗುಡಿಸಲಿಗೆ ಹತ್ತು ಹನ್ನೆರಡು ಅಡಿ ಬಿಡಿಸಿ ಕೊಡಬೇಕು. ಒಲೆ ಹೊರಗೆ, ಕಲ್ಲು ಕಟ್ಟಿ. ಅವರು ಹೊಲಕ್ಕೆ ಹೋದಾಗ ಗುಡಿಸಲಲ್ಲಿ ಉಳಿಯುವುದು ಕೂಸುಗಳು, ಅದು ಎಲ್ಲರಿಗೂ ಗೊತ್ತಿದ್ದೂ ಯಾರೂ ಎಣಿಕೆಗೆ ತರುವುದಿಲ್ಲ. ಬೆಂಕಿ ಕಂಡ ಕೂಡಲೇ ಮೊದಲು ಅಲ್ಲಿಗೆ ಒಬ್ಬರು ಓಡಬೇಕು. ಎತ್ತಿನ ಹಗ್ಗ ಬಿಚ್ಚುತ್ತಾ ಕೂಡಬಾರದು, ಕುಡಗೋಲಿನಿಂದ ಕೊಯ್ದು ಬಿಡಬೇಕು.

ಬಣವಿಯದ್ದು ಬೇರೆಯೇ ಕಥೆ. ಅದಕ್ಕೆ ಹೊರಗಿನ ಕಿಡಿಯೇ ಬೇಕೆಂದಿಲ್ಲ. ಹಸಿ ಇದ್ದಾಗಲೇ ಒಟ್ಟಿದ ಮೇವು ಒಳಗೆ ಕೊಳೆಯುತ್ತ ಕಾಯುತ್ತದೆ. ಹುಳಿ, ಕಮಟು ವಾಸನೆ ಬಂದರೆ, ಬೆಳಗಿನ ಜಾವ ಮೇಲಿನಿಂದ ಹಬೆ ಎದ್ದರೆ, ಕಬ್ಬಿಣದ ಸರಳು ನಡುವಿಗೆ ಚುಚ್ಚಿ ಕಾಲು ತಾಸು ಬಿಟ್ಟು ತೆಗೆಯಿರಿ. ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಬಣವಿ ಬಿಚ್ಚಬೇಕು, ಆದರೆ ನೀರು ಸಿದ್ಧ ಇಟ್ಟುಕೊಂಡೇ. ಬಿಚ್ಚಿದ ಗಳಿಗೆಗೆ ಗಾಳಿ ಸಿಕ್ಕಿ ಭಗ್ ಎನ್ನುತ್ತದೆ. ಅದರ ಮೇಲೆ ಹತ್ತಿ ನಿಲ್ಲಬಾರದು, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ. ಇಡೀ ವರ್ಷದ ಮೇವನ್ನು ಒಂದೇ ಬಣವಿಗೆ ಒಟ್ಟಬೇಡಿ. ಎರಡು ಮಾಡಿ, ನಡುವೆ ಐವತ್ತು ಅಡಿ ಬಿಡಿ, ದನದ ಕೊಟ್ಟಿಗೆಗೆ ಅಂಟಿಸಬೇಡಿ.

ಹೊಗೆ

ಬೆಂಕಿಗೆ ಸಿಗುವವರಿಗಿಂತ ಹೊಗೆಗೆ ಸಿಗುವವರು ಹೆಚ್ಚು. ಕೆಡುಕು ಮಾಡುವುದು ಕಣ್ಣಿಗೆ ಕಾಣುವ ಕಪ್ಪು ಬೂದಿಯಲ್ಲ, ಅದು ಮೂಗಿನಲ್ಲೇ ನಿಲ್ಲುತ್ತದೆ. ಪಿಎಂ 2.5 ಎನ್ನುವ, 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಪುಪ್ಪುಸದ ತಳಕ್ಕೆ ಇಳಿದು ರಕ್ತಕ್ಕೂ ಹೋಗುತ್ತವೆ. ತಲೆಕೂದಲು ಇದರ ಇಪ್ಪತ್ತು ಪಟ್ಟಿಗಿಂತ ದಪ್ಪ. ನಮ್ಮ ದೇಶದ ಮಾನದಂಡದಂತೆ ಇಪ್ಪತ್ನಾಲ್ಕು ತಾಸಿನ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಎಂದಿದೆ. ವಾಯು ಗುಣಮಟ್ಟದ ಸೂಚ್ಯಂಕ ಸಮೀರ್ ಆ್ಯಪಿನಲ್ಲಿ ಸಿಗುತ್ತದೆ. 200 ದಾಟಿದರೆ ಕಳಪೆ, 300 ದಾಟಿದರೆ ತೀರಾ ಕಳಪೆ, 400 ದಾಟಿದರೆ ಗಂಭೀರ. ಆದರೆ ಅಳೆಯುವ ಯಂತ್ರ ಇರುವುದು ಶಹರದಲ್ಲಿ. ತೋಟಪಟ್ಟಿಯವರು ಕಣ್ಣನ್ನೇ ನಂಬಬೇಕು. ಶುಭ್ರ ದಿನದಲ್ಲಿ ಕಾಣುವ ಗುರುತುಗಳ ದೂರ ತಿಳಿದಿಟ್ಟುಕೊಳ್ಳಿ. ಎಂಟು ಕಿ.ಮೀ. ದೂರದ ಗುಡ್ಡ ಹೊಗೆಯಲ್ಲಿ ಮರೆಯಾದರೆ ಅಸ್ತಮಾದವರು, ಬಸುರಿಯರು, ಮಕ್ಕಳು, ಮುದುಕರು ಒಳಗೆ. ಒಂದೂವರೆ ಕಿ.ಮೀ. ದೂರದ ಕಾರ್ಖಾನೆಯ ಚಿಮಣಿ ಕಾಣದಾದರೆ ಎಲ್ಲರೂ ಒಳಗೆ. ಮಂಜು ಕವಿದ ದಿನ ಈ ಲೆಕ್ಕ ನಡೆಯುವುದಿಲ್ಲ.

ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕು ಎನ್ನುವ ನಂಬಿಕೆ ಬಿಡಬೇಕು. ಅದು ಬೂದಿ ತಡೆಯುತ್ತದೆ, ಸಣ್ಣ ಕಣ ಒಂದನ್ನೂ ಸರಿಯಾಗಿ ತಡೆಯುವುದಿಲ್ಲ. ಬೆಂಕಿಯ ಸಮೀಪ ಅದೇ ನೀರು ಹಬೆಯಾಗಿ ಮುಖ ಸುಡುತ್ತದೆ. ಹಸಿರು ಆಸ್ಪತ್ರೆ ಮಾಸ್ಕೂ ಅಷ್ಟೇ, ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗುತ್ತದೆ. ಬೇಕಾದ್ದು ಎನ್‌95. ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದ್ದು ತೆಗೆದುಕೊಳ್ಳಿ, ಕಿವಿಗೆ ಸಿಕ್ಕಿಸುವುದು ಸಡಿಲವಾಗುತ್ತದೆ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ತಗಡನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಕೂಡಿಸಬೇಕು, ಒಂದೇ ಕೈಯಿಂದ ಚಿವುಟಿದರೆ ನಡುವೆ ಗೂಡಾಗುತ್ತದೆ. ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಕಣ್ಣಿಗೆ ಗಾಳಿ ತಾಗಿದರೆ ಮತ್ತೆ ಕೂಡಿಸಿ. ಗಡ್ಡ ಇದ್ದವರಿಗೆ ಇದು ಕೂಡುವುದೇ ಇಲ್ಲ. ಸಣ್ಣ ಮಕ್ಕಳ ಮುಖಕ್ಕೂ ಕೂಡುವುದಿಲ್ಲ, ಅವರನ್ನು ಹೊಗೆಯಿಂದ ದೂರ ಕರೆದೊಯ್ಯುವುದೇ ದಾರಿ. ಉಸಿರಾಡಲು ಬಿಗಿಯಾದರೆ, ಒದ್ದೆಯಾದರೆ, ಒಳಗೆ ಕಪ್ಪಾದರೆ ಬದಲಿಸಬೇಕು, ತೊಳೆಯಬಾರದು. ಇಷ್ಟೆಲ್ಲ ಸರಿ ಇದ್ದರೂ ಎನ್‌95 ಕಣ ತಡೆಯುತ್ತದೆಯೇ ಹೊರತು ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲವನ್ನಲ್ಲ. ಡ್ರಿಪ್ ಪೈಪು, ತಾಡಪತ್ರಿ, ಶೇಡ್‌ನೆಟ್ ಉರಿಯುತ್ತಿದ್ದರೆ ಗಾಳಿ ಬರುವ ಕಡೆಗೆ ಸರಿದುಬಿಡಿ.

ಮನೆಯೊಳಗೆ ಒಂದು ಕೋಣೆ ಆರಿಸಿಕೊಳ್ಳಿ. ಇಡೀ ಮನೆ ಕಾಯಲು ಹೋದರೆ ಒಂದೂ ಉಳಿಯುವುದಿಲ್ಲ. ಮಣ್ಣಿನ ಮ್ಯಾಳಿಗೆಯ ಮನೆಯಲ್ಲಿ ನಡುವಿನ ಕೋಣೆ ಒಳ್ಳೆಯದು, ತಂಪೂ ಇರುತ್ತದೆ, ಬೆಳಕಿಂಡಿಗೆ ಮಾತ್ರ ಒಂದು ತಗಡು ಮುಚ್ಚಿ. ಪತ್ರಾಸಿನ ಮನೆಯಲ್ಲಿ ತಗಡು, ಗೋಡೆಯ ನಡುವಿನ ಸಂದಿಗೆ ಹಳೆಯ ಸೀರೆ ತುರುಕಿ. ಖಾನಾಪುರದ ಹಂಚಿನ ಮನೆಗಳಲ್ಲಿ ಅಟ್ಟದ ಕೆಳಗಿನ ಕೋಣೆ ನೋಡಿ. ಬಾಗಿಲ ಕೆಳಗೆ ಹಿಂಡಿದ ಟವೆಲ್.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಕೂಲರಿನಿಂದ. ಕಿಟಕಿಗೆ ಕೂಡಿಸಿದ ಏರ್ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒದ್ದೆ ಹುಲ್ಲಿನ ಮೂಲಕ ಒಳಗೆ ಊದುತ್ತದೆ. ಹೊಗೆಯ ದಿನ ಅದು ತಾಸಿಗೆ ಸಾವಿರಾರು ಘನ ಅಡಿ ಹೊಗೆಯನ್ನು ಕೋಣೆಗೆ ತುಂಬುತ್ತದೆ, ಒದ್ದೆ ಹುಲ್ಲು ಅದನ್ನು ಸೋಸುವುದಿಲ್ಲ. ಬಂದ್ ಮಾಡಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ನಡೆಯುತ್ತದೆ. ಕೋಣೆಯಲ್ಲಿ ಊದಿನಕಡ್ಡಿ, ಸೊಳ್ಳೆ ಕಾಯಿಲ್, ಬೀಡಿ ಬೇಡ. ಆ ದಿನ ಒಣಮೆಣಸಿನಕಾಯಿ ಒಗ್ಗರಣೆ, ಮಿರ್ಚಿ ಭಜ್ಜಿ ಕೂಡ ಬೇಡ, ಕುದಿಸಿದ್ದಷ್ಟೇ ಊಟ.

ಏರ್ ಪ್ಯೂರಿಫೈಯರ್ ಕೊಳ್ಳುವವರು ಲೆಕ್ಕ ಹಾಕಿ ಕೊಳ್ಳಿ. ಹತ್ತು ಬೈ ಹನ್ನೆರಡರ ಕೋಣೆ, ಎತ್ತರ ಹತ್ತು ಅಡಿ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ತಾಸಿಗೆ ಐದು ಸಲ ಗಾಳಿ ಸೋಸಬೇಕೆಂದರೆ ಡಬ್ಬಿಯ ಮೇಲೆ ಸಿಎಡಿಆರ್, ಅಂದರೆ ತಾಸಿಗೆ ಸೋಸಿ ಕೊಡುವ ಗಾಳಿಯ ಅಳತೆ, 170 ಘನ ಮೀಟರ್ ಆದರೂ ಬರೆದಿರಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಬದಲಿಯಾಗಿ ಮಾರುವ ಹೆಪಾ ಫಿಲ್ಟರೊಂದನ್ನು ಟೇಬಲ್ ಫ್ಯಾನಿನ ಹಿಂದೆ ರಟ್ಟು, ಟೇಪು ಹಾಕಿ ಸಂದಿ ಇಲ್ಲದಂತೆ ಕೂಡಿಸಿದರೂ ಸಾಕಷ್ಟು ಕೆಲಸ ಆಗುತ್ತದೆ. ಫ್ಯಾನಿನ ಮೋಟರು ಬಿಸಿಯಾಗುತ್ತದೆಯೇ ನೋಡುತ್ತಿರಬೇಕು, ಹಚ್ಚಿಟ್ಟು ಮಲಗಬಾರದು.

ಇಲ್ಲೊಂದು ಇಕ್ಕಟ್ಟಿದೆ. ಹೊರಗೆ 41 ಡಿಗ್ರಿ ಇರುವಾಗ ಪತ್ರಾಸಿನ ಮನೆಯ ಬಾಗಿಲು, ಕಿಟಕಿ ಮುಚ್ಚಿದರೆ ಹೊಗೆಗಿಂತ ಮೊದಲು ಸೆಕೆಯೇ ಪ್ರಾಣಕ್ಕೆ ಬರುತ್ತದೆ. ಅಂಥ ಮನೆಯಲ್ಲಿ ಮುಚ್ಚಿಕೊಂಡು ಕೂಡಬೇಡಿ. ಮ್ಯಾಳಿಗೆ ಮನೆ, ಆರ್‌ಸಿಸಿ ಶಾಲೆ, ದೊಡ್ಡ ಗುಡಿ, ಇಲ್ಲವೇ ಗಾಳಿ ಬರುವ ಕಡೆಯ ಊರಿನ ಬೀಗರ ಮನೆ, ಎಲ್ಲಿಗಾದರೂ ಹೋಗಿ. ಒಳಗೇ ಇರಬೇಕಾದರೆ ಮೈಗೆ ಒದ್ದೆ ಬಟ್ಟೆ, ಫ್ಯಾನು, ಮಜ್ಜಿಗೆ, ಓಆರ್‌ಎಸ್. ಹೊರಗಿನ ಹೊಗೆ ತೆಳುವಾದ ಕೂಡಲೇ ಎಲ್ಲ ಕಿಟಕಿ ತೆಗೆದು ಒಳಗಿನದನ್ನು ಹೊರಗೆ ಬಿಡಿ.

ರಸ್ತೆಯಲ್ಲಿ ಹೊಗೆ ಅಡ್ಡ ಬಂದರೆ ನುಗ್ಗಬಾರದು. ಒಳಗೆ ಎರಡು ಟ್ರೇಲರ್ ಕಟ್ಟಿದ, ಹಿಂದೆ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿರಬಹುದು. ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಆದರೆ ಒಣಹುಲ್ಲಿನ ಮೇಲೆ ಅಲ್ಲ, ಬಿಸಿ ಸೈಲೆನ್ಸರಿಗೆ ಅದೇ ಹೊತ್ತುತ್ತದೆ. ಕಾರಿನಲ್ಲಿದ್ದರೆ ಗಾಜು ಏರಿಸಿ, ಒಳಗಿನ ಗಾಳಿಯೇ ತಿರುಗುವ ಗುಂಡಿ ಒತ್ತಿ, ಹೆಡ್‌ಲೈಟ್ ಡಿಮ್‌ನಲ್ಲಿಡಿ.

ಯಾವಾಗ ಆಸ್ಪತ್ರೆಗೆ? ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ಏದುಸಿರು, ತುಟಿ ನೀಲಿ, ಎದೆ ನೋವು, ಅಸ್ತಮಾದ ಪಂಪು (ಇನ್‌ಹೇಲರ್) ತೆಗೆದುಕೊಂಡರೂ ಇಳಿಯದ ಉಬ್ಬಸ, ಇವಿದ್ದರೆ 108ಕ್ಕೆ ತಕ್ಷಣ. ಮೂಗಿನ ಕೂದಲು ಸುಟ್ಟಿದ್ದರೆ, ಉಗುಳಿನಲ್ಲಿ ಕಪ್ಪು ಬಂದರೆ, ದನಿ ಒಡೆದಿದ್ದರೆ, ಆ ಮನುಷ್ಯ ‘ಏನೂ ಆಗಿಲ್ಲ’ ಎಂದು ನಗುತ್ತಿದ್ದರೂ ಕರೆದೊಯ್ಯಬೇಕು. ಗಂಟಲ ಒಳಗಿನ ಬಾವು ತಾಸುಗಟ್ಟಲೆ ಬಿಟ್ಟು ಏರುತ್ತದೆ, ಆಮೇಲೆ ಉಸಿರಿಗೆ ದಾರಿಯೇ ಇರುವುದಿಲ್ಲ. ತಲೆನೋವು, ವಾಂತಿ, ಮಂಕು ಬಂದರೆ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಅದಕ್ಕೆ ಎರಡರ ವ್ಯತ್ಯಾಸ ತಿಳಿಯದು, ಒಳಗೆ ಮನುಷ್ಯ ಬಾಡುತ್ತಿದ್ದರೂ 98 ಎಂದು ತೋರಿಸುತ್ತದೆ. ಅಂಕಿ ನೋಡಿ ಕೂಡಬಾರದು, ಆಕ್ಸಿಜನ್ ಇರುವ ಆಸ್ಪತ್ರೆಗೇ ಹೋಗಬೇಕು. ವರ್ಷಗಟ್ಟಲೆ ಕಟ್ಟಿಗೆ ಒಲೆಯ ಮುಂದೆ ಕೂತ ಅವ್ವಂದಿರ ಪುಪ್ಪುಸ ಬೀಡಿ ಸೇದದೆಯೂ ಕೆಟ್ಟಿರುತ್ತದೆ, ಅವರ ಕೆಮ್ಮನ್ನು ‘ವಯಸ್ಸಾತು’ ಎಂದು ಬಿಡಬೇಡಿ. ಅಸ್ತಮಾದವರ ಪಂಪು, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ ಶಿವರಾತ್ರಿಗೆ ಮೊದಲೇ ಹೊಸದು ತಂದಿಡಿ.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ನೀರು. ಐದು ನಿಮಿಷಕ್ಕೆ ಉರಿ ಇಳಿದರೂ ಇಪ್ಪತ್ತು ನಿಮಿಷ. ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಉಡದಾರ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಬರ್ಫ ಹಚ್ಚಬೇಡಿ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ, ಶುಭ್ರ ಹತ್ತಿಬಟ್ಟೆ ಸಡಿಲವಾಗಿ ಹೊದಿಸಿ ಹೊರಡಿ.

ಬೆಂಕಿ ಆರಿದ ಮೇಲೆ ಇಪ್ಪತ್ನಾಲ್ಕು ತಾಸು ಕಾವಲು ಬೇಕು. ಜಾಲಿಯ ಬೊಡ್ಡೆ, ತಿಪ್ಪೆ, ಕಬ್ಬಿನ ಕೂಳೆ, ಹಳೆಯ ಬೇಲಿಯ ಗೂಟ ಒಳಗೊಳಗೇ ಕೆಂಡ ಇಟ್ಟುಕೊಳ್ಳುತ್ತವೆ. ಅಂಗೈ ಅಲ್ಲ, ಅಂಗೈಯ ಹಿಂಬದಿ ಹತ್ತಿರ ಹಿಡಿದು ಕಾವು ನೋಡಿ, ಸಲಿಕೆಯಿಂದ ತಿರುವಿ, ನೀರು ಹಾಕಿ, ಮತ್ತೆ ತಿರುವಿ. ತಿಪ್ಪೆಯ ಮೇಲೆ ಸುರಿದ ನೀರು ಒಳಗೆ ಇಳಿಯುವುದಿಲ್ಲ, ಕೆದರಲೇಬೇಕು. ಅಂಗಳದ ಬೂದಿಯನ್ನು ಒಣಗಿದ್ದಾಗ ಕಸಬರಿಗೆಯಿಂದ ಗುಡಿಸಿದರೆ ಮತ್ತೆ ಅದೇ ಹೊಗೆ, ನೀರು ಚಿಮುಕಿಸಿ ಬಳಿಯಿರಿ. ಸಿಂಟೆಕ್ಸ್‌ನ ಮುಚ್ಚಳ ತೆಗೆದು ನೋಡಿ, ಬೂದಿ ಬಿದ್ದಿದ್ದರೆ ಕುಡಿಯಲು ಬಳಸಬೇಡಿ. ದನಗಳಿಗೆ ಬೂದಿ ಬಿದ್ದ ಮೇವು ಹಾಕಬೇಡಿ, ಕೆಮ್ಮು ನಿಲ್ಲುವ ತನಕ ಎತ್ತು ಹೂಡಬೇಡಿ. ಕರೆಯುವ ಎಮ್ಮೆಯ ಕೆಚ್ಚಲು, ಗೊರಸಿನ ಸಂದಿ ನೋಡಿ, ಬಿಸಿ ಬೂದಿಯಲ್ಲಿ ನಡೆದ ದನಕ್ಕೆ ಗಾಯ ಎರಡು ದಿನ ಬಿಟ್ಟೂ ಕಾಣಿಸಿಕೊಳ್ಳುತ್ತದೆ.

ಸುಟ್ಟ ಕಬ್ಬನ್ನು ತಡಮಾಡದೆ ಕಡಿದು ಸಾಗಿಸಬೇಕು. ದಿನ ಕಳೆದಂತೆ ತೂಕ, ಸಕ್ಕರೆ ಎರಡೂ ಇಳಿಯುತ್ತವೆ, ಕಾರ್ಖಾನೆಯವರು ಕಡಿತವನ್ನೂ ಹಾಕುತ್ತಾರೆ. ಆದರೆ ಒಂದು ಗರಿ ಕಡಿಯುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೊ, ಹರಿದ ತಂತಿಯಿದ್ದರೆ ಅದನ್ನು ಜೋಡಿಸುವ ಮುನ್ನ ಅದರದ್ದೂ ಫೋಟೊ ತೆಗೆದಿಡಿ. ತಲಾಠಿ (ಗ್ರಾಮ ಆಡಳಿತಾಧಿಕಾರಿ) ಪಂಚನಾಮೆ, ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ, ಈ ಮೂರೂ ಅದೇ ವಾರ ಕೈಗೆ ಬರಬೇಕು. ಲೈನಿನ ಕಿಡಿಯಿಂದ ಬೆಂಕಿ ಎಂದಾದರೆ ಹೆಸ್ಕಾಂ ಆಫೀಸಿಗೆ ಕೊಡುವ ಅರ್ಜಿಗೆ, ಮೊದಲು ಜೋತ ತಂತಿಯ ಬಗ್ಗೆ ಕೊಟ್ಟ ಅರ್ಜಿಯ ಸ್ವೀಕೃತಿಯನ್ನೂ ಲಗತ್ತಿಸಿ.